ಏಳು ಸಲ ತೊಳೆದ ಬೆಳ್ಳಿ

ಮಗಳು ನಾಲ್ಕು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಅದೇನು ಮಾಡುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಅಕ್ಕಸಾಲಿ ಒಂದೇ ಉತ್ತರ ಕೊಡುತ್ತಿದ್ದರು. "ನಮ್ಮ ಲೈನೇ. ಬೆಳ್ಳಿ ಕೆಲಸ." ಹಾಗೆ ಹೇಳುವಾಗ ಅವರ ಮೀಸೆ ಕೊಂಚ ಮೇಲೇಳುತ್ತಿತ್ತು. ಮನೆಯ ಕೆಳಗಿನ ಪುಟ್ಟ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಚಮಚ, ಲೋಟ, ಉಂಗುರ, ಫೋಟೋ ಚೌಕಟ್ಟು ಎಂದು ಬೆಳ್ಳಿಯನ್ನು ಬಡಿದು, ಬೆಸೆದು, ಉಜ್ಜಿ ಬದುಕಿದ ಮನುಷ್ಯ ಅವರು. ಗಿರಾಕಿ ಸ್ವಲ್ಪ ಸಾವಧಾನದವನಾಗಿದ್ದರೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು. "ನನಗಿಂತ ಸಣ್ಣ ಕೆಲಸ ಅವಳದು. ಎಷ್ಟು ಸಣ್ಣದು ಅಂತೀರಿ? ಒಂದು ಕೂದಲೆಳೆ ಅಗಲದಲ್ಲಿ ಅವಳ ಕಣ ಸಾವಿರಾರು ಸಾಲಾಗಿ ನಿಲ್ಲುತ್ವೆ. ನನ್ನ ಕೈಯಲ್ಲಿ ಆಗುತ್ತಾ? ಆಗಲ್ಲ."

ಆ ಮೀಸೆ ಇಳಿದದ್ದು ಒಂದು ಸೋಮವಾರ ಬೆಳಿಗ್ಗೆ. ಮಗಳು ಬಸ್ ಪಾಸ್ ಕಾಣದೆ ಚೀಲವನ್ನೆಲ್ಲ ಮೇಜಿನ ಮೇಲೆ ಸುರುವಿದ್ದಳು. ಕೈಯಲ್ಲಿದ್ದ ಕಾಗದದ ಕಟ್ಟನ್ನು ಅಪ್ಪನ ಎದೆಗೆ ಒತ್ತಿ, "ಒಂದ್ನಿಮಿಷ ಹಿಡ್ಕೋ ಅಪ್ಪ, ಬೀಳಿಸ್ಬೇಡ, ನನ್ನ ಪ್ರಬಂಧ" ಎಂದಳು. ಅವರು ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಎಳೆದುಕೊಂಡು ಮೊದಲ ಪುಟ ನೋಡಿದರು. 'ಮಾನವ ಕ್ಯಾನ್ಸರ್ ಕೋಶಗಳ ಮೇಲೆ ಬೆಳ್ಳಿಯ ನ್ಯಾನೋ ಕಣಗಳ ವಿಷಕಾರಿ ಪರಿಣಾಮಗಳು' ಎಂದಿತ್ತು. ಮೊದಲ ಏಳು ಪದಗಳ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಎಂಟನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು.

"ಈ ವಿಷಕಾರಿ ಅನ್ನೋದು ಯಾರಿಗೆ ಹೇಳಿದ್ದು?"

"ಬೆಳ್ಳಿಗೆ ಅಪ್ಪ. ಅದರ ಕಣ ಕ್ಯಾನ್ಸರ್ ಕೋಶಾನ ಕೊಲ್ಲುತ್ತೆ. ಎಷ್ಟು ಹಾಕಿದ್ರೆ ಎಷ್ಟು ಸಾಯುತ್ವೆ ಅಂತ ನೋಡೋದೇ ನನ್ನ ಕೆಲಸ."

"ನಾಲ್ಕು ವರ್ಷ ನೀನು ಮಾಡ್ತಿದ್ದಿದ್ದು ಇದನ್ನಾ?"

"ಮತ್ತೇನು ಅಂದ್ಕೊಂಡಿದ್ದೆ?"

"ಬೆಳ್ಳಿ ಕೆಲಸ ಅಂದ್ಕೊಂಡಿದ್ದೆ." ಅವರು ಕಟ್ಟನ್ನು ಮೇಜಿನ ಮೇಲೆ ಇಟ್ಟರು. "ಮೂವತ್ತೆಂಟು ವರ್ಷ ನಾನು ಬೆಳ್ಳಿ ಪುಡೀನ ಮೂಗಲ್ಲಿ ಎಳ್ಕೊಂಡಿದೀನಿ. ಸತ್ತಿದೀನಾ?"

"ನೀನು ಕೋಶ ಅಲ್ಲ ಅಪ್ಪ."

"ನಾನು ಏನಲ್ಲ ಅಂತ ನೀನು ಹೇಳ್ಕೊಡ್ಬೇಡ."

ಬಸ್ ಪಾಸ್ ಊಟದ ಡಬ್ಬಿಯೊಳಗೆ ಸಿಕ್ಕಿತು. ಮಗಳು ಓಡಿದಳು. ಅಪ್ಪ ಅಂಗಡಿಗೆ ಇಳಿದು, ಯಾರೂ ಹೇಳದಿದ್ದರೂ ಒಂದು ತಟ್ಟೆಯನ್ನು ಮಧ್ಯಾಹ್ನದವರೆಗೂ ಬಡಿದರು. ಅಂದಿನಿಂದ ಮಗಳ ಜೊತೆ ಅವರ ಮಾತು 'ಬಾಗಿಲು ಹಾಕು', 'ದೀಪ ಆರಿಸು' ಎಂಬ ಎರಡು ವಾಕ್ಯಗಳಿಗೆ ಇಳಿಯಿತು.

ಆ ಸೋಮವಾರ ಅಡುಗೆಮನೆಯಿಂದಲೇ ಈ ಮಾತುಕತೆಗೆ ಕಿವಿಗೊಟ್ಟವರು ಅಮ್ಮ. ಕಟ್ಟಡದವರು ಅವರಿಗೆ ಬೆನ್ನ ಹಿಂದೆ 'ರೇಡಿಯೋ' ಎಂದು ಹೆಸರಿಟ್ಟಿದ್ದರು, ಎದುರಿಗೂ ಒಂದೆರಡು ಸಲ ಕರೆದದ್ದುಂಟು. ನಲ್ಲಿಯ ಸದ್ದಿನಲ್ಲಿ ಅವರ ಕಿವಿಗೆ ಬಿದ್ದದ್ದು ಮೂರೇ ಪದ: ಬೆಳ್ಳಿ, ಕ್ಯಾನ್ಸರ್, ಕೊಲ್ಲುತ್ತೆ. ಅಮ್ಮನಿಗೆ ಮೂರು ಪದ ಧಾರಾಳವಾಯಿತು. ಬಟ್ಟೆ ಒಣಹಾಕಲು ತಾರಸಿಗೆ ಹತ್ತಿದವರು ಐದನೆಯ ಮಹಡಿಯಿಂದ ಶುರುಮಾಡಿ ಒಂದೊಂದೇ ಮಹಡಿ ಇಳಿಯುತ್ತ ಬಂದರು. "ಹೊರಗೆ ಹೇಳ್ಬೇಡಿ, ನಮ್ಮ ಹುಡುಗಿ ಕ್ಯಾನ್ಸರ್‌ಗೆ ಪುಡಿ ಕಂಡ್ಹಿಡಿದಿದ್ದಾಳೆ" ಎಂದು ಪ್ರತಿ ಬಾಗಿಲಲ್ಲೂ ಗುಟ್ಟಾಗಿ ಹೇಳಿದರು. ಕೆಳಗೆ ಬರುವಷ್ಟರಲ್ಲಿ ಗುಟ್ಟು ಅವರಿಗಿಂತ ಮೊದಲೇ ಬೀದಿ ತಲುಪಿತ್ತು.

ಗುರುವಾರದಿಂದ ಅಂಗಡಿಗೆ ಹೊಸ ತರಹದ ಗಿರಾಕಿಗಳು ಬರತೊಡಗಿದರು. ಒಬ್ಬ ಅಜ್ಜಿ 'ಕ್ಯಾನ್ಸರ್ ಬರದ ಲೋಟ' ಕೇಳಿದರು. ಬೀದಿಯ ಕೊನೆಯ ಜಿಮ್‌ನ ತರಬೇತುದಾರ ಬಂದು, ಹಾಲಿಗೆ ಬೆರೆಸಿಕೊಳ್ಳಲು ಬೆಳ್ಳಿ ಪುಡಿ ಸಿಗುತ್ತದೆಯೇ ಎಂದು ತೋಳು ಉಬ್ಬಿಸಿ ವಿಚಾರಿಸಿದ. ಕನ್ನಡಕದ ಒಬ್ಬ ನಿವೃತ್ತ ಗುಮಾಸ್ತರು ಗಾಜಿನ ಪೆಟ್ಟಿಗೆಯನ್ನು ದಿಟ್ಟಿಸಿ ನೋಡಿ, ದನಿ ತಗ್ಗಿಸಿ ಕೇಳಿದರು: "ಇದರಲ್ಲಿ ಕೊಲ್ಲೋ ಚಮಚ ಯಾವುದು?"

ಅಕ್ಕಸಾಲಿಗೆ ಇಕ್ಕಟ್ಟಾಯಿತು. ಬೆಳ್ಳಿ ಕೊಲ್ಲುತ್ತದೆ ಎಂದರೆ ಮಗಳು ಗೆದ್ದಂತೆ. ಕೊಲ್ಲುವುದಿಲ್ಲ ಎಂದರೆ ಮಗಳ ನಾಲ್ಕು ವರ್ಷ ನೀರಿಗೆ ಬಿದ್ದಂತೆ. ಹಾಗಾಗಿ ಅವರು ಯಾರಿಗೂ ಯಾವುದನ್ನೂ ಮಾರದೆ, "ಚಮಚ ಊಟ ಮಾಡೋಕೆ. ಬೇರೆ ಏನಕ್ಕಾದ್ರೂ ಬೇಕಿದ್ರೆ ಆಸ್ಪತ್ರೆಗೆ ಹೋಗಿ" ಎಂದು ಗದರಿ ಕಳಿಸುತ್ತಿದ್ದರು.

ಶನಿವಾರ ಬಂದವರು ಮೂರನೆಯ ಮಹಡಿಯ ದರ್ಜಿಯಮ್ಮ. ಒಂಟಿ ಹೆಂಗಸು, ಇಡೀ ಕಟ್ಟಡದ ಅಂಗಿಗಳ ಅಳತೆ ಬಾಯಲ್ಲೇ ಇದ್ದವರು. ಕುತ್ತಿಗೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಸರಿಸಿ ತೋರಿಸಿದರು. ಗಂಟಲಿನ ಪಕ್ಕದಲ್ಲಿ ಒಂದು ಗಂಟು ಇತ್ತು.

"ಮೊದಲು ಅಂಗಿ ಗುಂಡಿಯಷ್ಟಿತ್ತು ಅಣ್ಣಾ. ಈಗ ಕೋಟಿನ ಗುಂಡಿಯಷ್ಟಾಗಿದೆ. ಬುಧವಾರ ಆಸ್ಪತ್ರೆಗೆ ಬರೋಕೆ ಹೇಳಿದ್ರು, ನಾನು ಹೋಗ್ಲಿಲ್ಲ. ನಿಮ್ಮ ಮಗಳ ಪುಡಿ ಇರುವಾಗ ಯಾಕೆ ಕುಯ್ಯಿಸ್ಕೊಳ್ಳಲಿ ಅಂತ."

ಅಕ್ಕಸಾಲಿ ಕೈಯಲ್ಲಿದ್ದ ಅರವನ್ನು ಹಾಗೇ ಬಿಟ್ಟು, ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ ಮನೆಗೆ ಹೋದರು. ಹೆಂಡತಿಗೆ ಅವರು ಹೇಳಿದ್ದು ನಾಲ್ಕೇ ಮಾತು. ಅಮ್ಮ ಮೊದಲು "ನಾನೆಲ್ಲಿ ಹಾಗಂದೆ?" ಎಂದರು. ಆಮೇಲೆ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದು, "ಅಯ್ಯೋ, ಹಾಗೇ ಅಂದೆ ಕಣ್ರೀ" ಎಂದು ಅತ್ತುಬಿಟ್ಟರು.

ಸಂಜೆ ಮಗಳು ಬಂದಾಗ ವಿಷಯ ತಿಳಿದು ಕೆಂಡಾಮಂಡಲವಾದಳು.

"ಅಮ್ಮಾ, ಲ್ಯಾಬಿನ ತಟ್ಟೇಲಿ ಕೋಶ ಸಾಯೋದೇ ಬೇರೆ, ಮನುಷ್ಯನ ಮೈಯೊಳಗೆ ಸಾಯೋದೇ ಬೇರೆ. ನನ್ನ ತಟ್ಟೆಗೆ ಪಾತ್ರೆ ತೊಳೆಯೋ ಸೋಪು ಸುರಿದ್ರೂ ಆ ಕೋಶಗಳು ಸಾಯುತ್ವೆ. ಹಾಗಂತ ಸೋಪು ಕುಡೀತೀಯಾ?"

"ನಾನ್ಯಾಕೆ ಕುಡೀಲಿ?"

"ಹಾಗಾದ್ರೆ ದರ್ಜಿಯಮ್ಮನಿಗೆ ಯಾಕೆ ಕುಡಿಸ್ತೀಯ?"

ಮಾರನೆಯ ದಿನ ಭಾನುವಾರ. ಅಮ್ಮ ಮತ್ತೆ ಐದನೆಯ ಮಹಡಿಗೆ ಹತ್ತಿ, ಒಂದೊಂದೇ ಬಾಗಿಲು ತಟ್ಟಿ, ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಳ್ಳುತ್ತ ಬಂದರು. ಸುದ್ದಿ ಹರಡುವಾಗ ಅರ್ಧ ಗಂಟೆ ಹಿಡಿದಿದ್ದ ಕೆಲಸಕ್ಕೆ ಈಗ ಇಡೀ ದಿನ ಹಿಡಿಯಿತು. ನಾಲ್ಕನೆಯ ಮಹಡಿಯವರಂತೂ, "ಪುಡಿ ಇದೆ, ನಮಗೆ ಕೊಡೋಕೆ ಮನಸ್ಸಿಲ್ಲ ಅನ್ನಿ" ಎಂದು ಮುಖ ತಿರುಗಿಸಿದರು. ಸೋಮವಾರ ಬೆಳಿಗ್ಗೆ ಅಮ್ಮ ದರ್ಜಿಯಮ್ಮನನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಚೀಟಿಯ ಸಾಲಿನಲ್ಲಿ ನಿಲ್ಲುವುದರಿಂದ ಹಿಡಿದು ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುವವರೆಗೆ ಎಲ್ಲವನ್ನೂ ಅಮ್ಮನೇ ಮಾಡಿದರು. ಸೂಜಿ ಮಾತ್ರ ದರ್ಜಿಯಮ್ಮನಿಗೆ ಚುಚ್ಚಿದ್ದು.

ಅಕ್ಕಸಾಲಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಮಗಳ ಎದುರು ನಿಂತು, ಒಂದು ವಾರದಲ್ಲಿ ಮೊದಲ ಬಾರಿ ಉದ್ದದ ವಾಕ್ಯವೊಂದನ್ನು ಆಡಿದರು. "ಅಂಗಡಿಗೆ ಬಂದೋರು ಕೇಳ್ತಾರೆ, ನಾನು ಏನಾದ್ರೂ ಹೇಳ್ಬೇಕು. ಕಣ್ಣಾರೆ ನೋಡ್ದೆ ಬೆಳ್ಳಿ ಮೇಲೆ ನಾನು ಯಾವ ಮಾತೂ ಹೊರಿಸೋನಲ್ಲ. ನಿನ್ನ ಲ್ಯಾಬಿಗೆ ಕರ್ಕೊಂಡು ಹೋಗು."

ಲ್ಯಾಬು ಎರಡನೆಯ ಮಹಡಿಯಲ್ಲಿತ್ತು. ಉದ್ದನೆಯ ಓಣಿಯಲ್ಲಿ ಬೂದು ಬಣ್ಣದ ಫ್ರೀಜರುಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಎಲ್ಲೆಲ್ಲೂ ಸ್ಪಿರಿಟ್ ವಾಸನೆ. ಕೋಶ ಬೆಳೆಸುವ ಕೋಣೆಯ ಬಾಗಿಲಲ್ಲಿ ಕಾಲಿಗೆ ಅಂಟುವ ನೀಲಿ ಚಾಪೆ ಇತ್ತು. ಅಕ್ಕಸಾಲಿಯ ಒಂದು ಚಪ್ಪಲಿ ಅದಕ್ಕೆ ಕಚ್ಚಿಕೊಂಡಿತು. ಮಗಳು ಅವರಿಗೆ ಬಿಳಿ ಕೋಟು ತೊಡಿಸಿದಳು, ತಲೆಗೆ ಬಲೆ ಟೋಪಿ, ಬಾಯಿಗೆ ಮಾಸ್ಕು. ಮಾಸ್ಕಿನ ಎರಡೂ ಪಕ್ಕದಿಂದ ಮೀಸೆ ಹೊರಗೆ ಇಣುಕಿತು.

ಅಷ್ಟರಲ್ಲಿ ಪ್ರೊಫೆಸರ್ ಬಂದರು. ಸಣ್ಣ ದೇಹದ, ಚುರುಕು ಕಣ್ಣಿನ ಹೆಂಗಸು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಯಾವ ವಿದ್ಯಾರ್ಥಿ ಯಾವ ಫಲಿತಾಂಶ ತಂದರೂ ಅವರು 'ಇನ್ನೊಂದ್ಸಲ ಮಾಡು' ಎನ್ನುತ್ತಿದ್ದರಿಂದ ಇಡೀ ವಿಭಾಗದಲ್ಲಿ ಅವರು 'ಇನ್ನೊಂದ್ಸಲ ಮೇಡಂ'.

"ಬನ್ನಿ ಯಜಮಾನ್ರೇ. ಬೆಳ್ಳಿ ಕೆಲಸದೋರು ಅಂತ ಕೇಳಿದೀನಿ" ಎಂದರು.

"ಮೂವತ್ತೆಂಟು ವರ್ಷದಿಂದ, ಮೇಡಂ. ಇವಳು ನಾಲ್ಕು ವರ್ಷದಿಂದ."

ಮಗಳು ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಇಷ್ಟು ದಿನ ಭೂತಗನ್ನಡಿಯಲ್ಲಿ ನೋಡಿ ಪಳಗಿದ ಕಣ್ಣು ತಟ್ಟನೆ ಹೊಂದಿಕೊಂಡಿತು. ಗುಲಾಬಿ ಬಣ್ಣದ ದ್ರವದ ತಳದಲ್ಲಿ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಕಲ್ಲು ಹಾಸಿದ ಅಂಗಳದ ಹಾಗೆ ಹರಡಿದ್ದವು.

"ಇವು ಯಾರವು?"

"ಶ್ವಾಸಕೋಶದ ಕ್ಯಾನ್ಸರ್ ಆಗಿದ್ದ ಒಬ್ಬರವು ಅಪ್ಪ. ಅವರು ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಕೋಶ ಮಾತ್ರ ಇನ್ನೂ ಬೆಳೀತಾನೇ ಇವೆ."

"ಅವರ ಮನೆಯೋರಿಗೆ ಗೊತ್ತಾ?"

ಮಗಳು ಪ್ರೊಫೆಸರ್ ಕಡೆ ನೋಡಿದಳು. ಪ್ರೊಫೆಸರ್ ನೆಲ ನೋಡಿದರು. ಅಕ್ಕಸಾಲಿ ತಲೆಯ ಬಲೆ ಟೋಪಿ ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡು, ಮತ್ತೆ ಹಾಕಿಕೊಂಡರು.

ನಂತರ ಬೆಳ್ಳಿ ಬಿದ್ದ ತಟ್ಟೆ. ಅಂಗಳ ಎದ್ದುಹೋಗಿತ್ತು. ಕೋಶಗಳು ಮುದುಡಿ ಉಂಡೆಯಾಗಿ, ಒಂದೊಂದೇ ತಳ ಬಿಟ್ಟು ತೇಲುತ್ತಿದ್ದವು. ಇನ್ನೊಂದು ಕಡೆ ತೊಂಬತ್ತಾರು ಸಣ್ಣ ಗುಳಿಗಳ ಪ್ಲಾಸ್ಟಿಕ್ ತಟ್ಟೆ ಇತ್ತು. ಹಳದಿ ಬಣ್ಣ ಹಾಕಿದರೆ ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತವು ಹಾಗೇ ಬಿಡುತ್ತವೆ ಎಂದು ಮಗಳು ವಿವರಿಸಿದಳು. ಎಡಗಡೆಯ ಸಾಲುಗಳು ಕಡು ನೇರಳೆ. ಬೆಳ್ಳಿ ಹೆಚ್ಚುತ್ತ ಹೋದ ಬಲಗಡೆ ಬರೀ ಹಳದಿ. ಅಕ್ಕಸಾಲಿ ತುಂಬ ಹೊತ್ತು ನೋಡಿದರು. ಕಣ್ಣೆದುರಿಗಿದ್ದುದನ್ನು ಅಲ್ಲಗಳೆಯುವ ಜಾಯಮಾನ ಅವರದಲ್ಲ.

ಮಗಳು ಕೈಗವಸು ಬಿಚ್ಚಿದಳು. ಆಗ ಅವರ ಕಣ್ಣು ಅವಳ ಬೆರಳಿನ ಮೇಲೆ ಬಿತ್ತು. ತುದಿಯಲ್ಲಿ ಎರಡು ಕಪ್ಪು ಕಲೆಗಳು. ಅವರು ತಟ್ಟನೆ ಆ ಕೈ ಹಿಡಿದುಕೊಂಡರು.

"ಇದೆಲ್ಲಿ ಆಯ್ತು?"

"ನಿನ್ನೆ ಗವಸು ಹರಿದಿತ್ತು. ಕಣದ ದ್ರವ ತಾಗ್ತು. ಬಿಡಪ್ಪ, ಏನಾಗಲ್ಲ."

"ಕಣ ತಾಗಿದ್ರೆ ಈ ಕಲೆ ಬರಲ್ಲ. ಇದು ಕರಗಿದ ಬೆಳ್ಳಿ ಕಲೆ. ಆಸಿಡ್‌ನಲ್ಲಿ ಬೆಳ್ಳಿ ಕರಗಿಸಿದ ನೀರು ತಾಗಿದ್ರೇನೇ ಬೆರಳು ಹೀಗಾಗೋದು. ನನ್ನ ಕೈ ಇಪ್ಪತ್ತು ವರ್ಷ ಹೀಗೇ ಇತ್ತು." ಅವರು ದನಿ ಬಿಗಿ ಮಾಡಿದರು. "ಕಣ ಮಾಡಿದ ಮೇಲೆ ಎಷ್ಟು ಸಲ ತೊಳೀತೀಯ?"

"ಒಂದ್ಸಲ."

"ಒಂದ್ಸಲ!" ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತವರನ್ನು ಕಂಡ ಹಾಗೆ ಅವರು ಹಿಂದಕ್ಕೆ ಸರಿದರು. "ನಾನು ಏಳು ಸಲ ತೊಳೀತೀನಿ. ಮೇಡಂ, ಸ್ವಲ್ಪ ಉಪ್ಪು ಸಿಗುತ್ತಾ?"

"ಶುದ್ಧ ಸೋಡಿಯಂ ಕ್ಲೋರೈಡ್ ಇದೆ" ಎಂದಳು ಮಗಳು.

"ನಂಗೆ ಉಪ್ಪು ಬೇಕು."

"ಅಪ್ಪ, ಅದೇ ಉಪ್ಪು."

ಪ್ರೊಫೆಸರ್‌ಗೆ ಕುತೂಹಲ ಹುಟ್ಟಿತ್ತು. ಟೊಮೆಟೊ ಹೋಳಿಗೆ ಉದುರಿಸಿಕೊಳ್ಳಲೆಂದು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ ಉಪ್ಪಿನ ಡಬ್ಬಿಯನ್ನೇ ತಂದುಕೊಟ್ಟರು. ಎಲ್ಲರೂ ಪಕ್ಕದ ಕೋಣೆಗೆ ಹೋದರು. ಮಗಳು ಮೂಗು ಮುರಿಯುತ್ತಲೇ ಕಣಗಳ ಹಳದಿ ದ್ರವವನ್ನು ಗಿರಗಿರ ತಿರುಗಿಸುವ ಯಂತ್ರಕ್ಕೆ ಹಾಕಿದಳು. ಕಣಗಳೆಲ್ಲ ನಳಿಕೆಯ ತಳಕ್ಕೆ ಕೂತು, ಮೇಲೆ ತಿಳಿನೀರು ಉಳಿಯಿತು. ಅಕ್ಕಸಾಲಿ ಆ ನೀರನ್ನು ಬೇರೆ ಲೋಟಕ್ಕೆ ಬಸಿದು, ಬೆಳಕಿಗೆ ಹಿಡಿದು, ಚಿಟಿಕೆ ಉಪ್ಪು ಉದುರಿಸಿದರು.

ತಿಳಿನೀರಿನೊಳಗೆ ಬೆಳ್ಳಗೆ ಒಂದು ಹೊಗೆ ಇಳಿಯಿತು. ನೋಡನೋಡುತ್ತ ಲೋಟವೆಲ್ಲ ಒಡೆದ ಹಾಲಿನಂತಾಯಿತು.

"ನೋಡಿ. ಇದು ಕರಗೇ ಉಳಿದಿರೋ ಬೆಳ್ಳಿ. ಇನ್ನೂ ಲೋಹ ಆಗಿಲ್ಲ. ಇದನ್ನೂ ಸೇರಿಸಿ ಕೋಶಕ್ಕೆ ಕುಡಿಸಿದ್ದಾಳೆ. ಕೊಂದಿದ್ದು ಕಣಾನೋ ಈ ನೀರೋ, ಯಾರು ಹೇಳ್ಬೇಕು?"

ಪ್ರೊಫೆಸರ್ ಮೂಗಿನ ಮೇಲಿನ ಕನ್ನಡಕ ತೆಗೆದು ತಲೆಯ ಮೇಲಿನದನ್ನು ಹಾಕಿಕೊಂಡು ನೋಡಿದರು, ಮತ್ತೆ ಅದಲುಬದಲು ಮಾಡಿ ನೋಡಿದರು. ಮೊದಲ ವರ್ಷ ಒಂದು ಸಲ ತೊಳೆದ ಕಣವನ್ನು, ಕರಗಿದ ಬೆಳ್ಳಿ ಅಳೆಯುವ ದೊಡ್ಡ ಯಂತ್ರಕ್ಕೆ ಕಳಿಸಿ ಪರೀಕ್ಷಿಸಿದ್ದರು. ಆಗ ಚೊಕ್ಕವಾಗಿತ್ತು. ಆಮೇಲೆ ಮಾಡಿದ್ದೆಲ್ಲ ಹಾಗೇ ಇರುತ್ತದೆಂದು ನಂಬಿದ್ದರು. ಒಂದು ಸಲ ಮಾಡಿದ ಕಣ ರಾಕ್ಷಸನ ಹಾಗೆ ಕೊಲ್ಲುವುದು, ಇನ್ನೊಂದು ಸಲ ಮಾಡಿದ್ದು ಸುಮ್ಮನೆ ಕೂರುವುದು ಯಾಕೆಂದು ಮಗಳು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು. ಆ ಕಾರಣ ಈಗ ಲೋಟದಲ್ಲಿ ತೇಲುತ್ತಿತ್ತು.

"ಮೇಡಂ, ಪ್ರಬಂಧ ಕೊಡೋಕೆ ಇನ್ನು ನಾಲ್ಕೇ ತಿಂಗಳು" ಎಂದಳು ಮಗಳು, ಅಳುವುದೊಂದು ಬಾಕಿ.

"ಹೌದು" ಎಂದರು ಪ್ರೊಫೆಸರ್. "ಇನ್ನೊಂದ್ಸಲ."

ಮನೆಗೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು, ಇಬ್ಬರು ಕೂರುವಂಥದ್ದು. ಇಬ್ಬರೂ ಕೂತರು. ಮಗಳು ಕಿಟಕಿಯಾಚೆ ನೋಡಿದಳು, ಅಪ್ಪ ಈಚೆ ನೋಡಿದರು. ಈಗ ಮಾತು ಬಿಟ್ಟವಳು ಅವಳು. ಅಪ್ಪ ಮೆಲ್ಲಗೆ, "ಊಟ ಮಾಡ್ಲಿಲ್ಲ ನೀನು" ಎಂದರು. ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಬೆರಳಿಗೆ ಎಣ್ಣೆ ಹಚ್ಚು." ಅವಳು ಬೆರಳು ಮಡಿಚಿಕೊಂಡಳು. ಇಳಿಯುವ ಸ್ಟಾಪ್ ಬಂದಾಗ ಅವಳು ಹೇಳಿದ್ದು ಒಂದೇ ಮಾತು: "ಎರಡು ವರ್ಷದ ಕೆಲಸ ಅಪ್ಪ. ಒಂದು ಚಿಟಿಕೆ ಉಪ್ಪು."

ಆದರೂ ಅವಳು ಅಪ್ಪನ ಮಗಳೇ. ಮರುದಿನ ಏಳು ಗಂಟೆಗೆ ಲ್ಯಾಬಿನಲ್ಲಿದ್ದಳು. ಕಣಗಳನ್ನು ತಿರುಗಿಸಿ, ನೀರು ಬಸಿದು, ಹೊಸ ನೀರು ಹಾಕಿ, ಕಲಕಿ, ಮತ್ತೆ ತಿರುಗಿಸಿದಳು. ಪ್ರತಿ ಸಲವೂ ಬಸಿದ ನೀರಿಗೆ ಉಪ್ಪು ಹಾಕಿ ನೋಡಿದಳು. ನಾಲ್ಕನೆಯ ಸಲಕ್ಕೆ ಹಾಲು ತೆಳುವಾಯಿತು, ಐದಕ್ಕೆ ಮಂಜಾಯಿತು, ಆರಕ್ಕೆ ಏನೂ ಇಲ್ಲ. ಏಳನೆಯ ಸಲವೂ ತೊಳೆದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಮೂರು ಸಾಲು ಮಾಡಿದಳು. ಒಂದಕ್ಕೆ ತೊಳೆದ ಕಣ, ಒಂದಕ್ಕೆ ಮೊದಲ ಸಲ ಬಸಿದ ನೀರು, ಒಂದಕ್ಕೆ ಏನೂ ಇಲ್ಲ. ಕ್ಯಾನ್ಸರ್ ಕೋಶಗಳ ಪಕ್ಕದಲ್ಲಿ ಆರೋಗ್ಯವಂತರ ಚರ್ಮದ ಕೋಶಗಳನ್ನೂ ಇಟ್ಟು ಅವಕ್ಕೂ ಅದನ್ನೇ ಕೊಟ್ಟಳು.

ಒಂದು ದಿನದ ನಂತರ ನೋಡಿದರೆ ಬಸಿದ ನೀರು ಬಿದ್ದಲ್ಲಿ ಹೆಣದ ರಾಶಿ. ತೊಳೆದ ಕಣ ಬಿದ್ದಲ್ಲಿ ಕೋಶಗಳು ಏನೂ ಆಗದವರಂತೆ ಒತ್ತೊತ್ತಾಗಿ ಕೂತಿದ್ದವು, ಗುಳಿಗಳೆಲ್ಲ ನೇರಳೆ.

ಮಗಳು ಅಂದು ಮನೆಗೆ ಬಂದು ಇದನ್ನು ಹೇಳಿಬಿಟ್ಟಳು. ಹೇಳಬಾರದಿತ್ತು. ಅಕ್ಕಸಾಲಿಯ ಮೀಸೆ ಮತ್ತೆ ಮೇಲಕ್ಕೆದ್ದಿತು. ಮರುದಿನ ಬೆಳಿಗ್ಗೆ ಅಂಗಡಿಯ ಗಾಜಿಗೆ ದಪ್ಪ ಅಕ್ಷರದ ಹಾಳೆಯೊಂದು ಅಂಟಿತು: 'ಬೆಳ್ಳಿಯ ಮೇಲಿನ ಆರೋಪ ಸುಳ್ಳೆಂದು ಸಾಬೀತಾಗಿದೆ.' ಯಾವ ಆರೋಪ ಎಂದು ಬೀದಿಯವರಿಗೆ ಅರ್ಥವಾಗಲಿಲ್ಲ. ಪೊಲೀಸ್ ಕೇಸಿರಬಹುದು, ಪಾಪ, ಬಿಡುಗಡೆಯಾಗಿದೆ ಎಂದು ಕೆಲವರು ಬಂದು ಅವರ ಕೈ ಕುಲುಕಿ ಹೋದರು.

ಹಾಳೆ ಗಾಜಿನ ಮೇಲೆ ಎರಡು ದಿನ ಇತ್ತು. ಮೂರನೆಯ ದಿನದ ಸಂಜೆ ಮಗಳು ಮನೆಗೆ ಹತ್ತದೆ ನೇರ ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಅಪ್ಪ ಒಂದು ಬಟ್ಟಲಿಗೆ ಮೆರುಗು ಕೊಡುತ್ತಿದ್ದರು.

"ಅಪ್ಪ, ಆ ತಟ್ಟೆಗಳನ್ನ ಮೂರು ದಿನ ಬಿಟ್ಟು ನೋಡ್ದೆ."

"ಹೂಂ."

"ತೊಳೆದ ಕಣ ಬಿದ್ದಿದ್ದೂ ಸತ್ತಿವೆ. ನಿಧಾನಕ್ಕೆ, ಆದ್ರೆ ಸತ್ತಿವೆ."

ಮೆರುಗಿನ ಬಟ್ಟೆ ನಿಂತಿತು. "ಸರಿಯಾಗಿ ತೊಳೆದಿದ್ಯಾ?"

"ಏಳು ಸಲ. ಮೂರು ತಟ್ಟೇಲಿ ಬೇರೆ ಬೇರೆಯಾಗಿ ಮಾಡ್ದೆ. ದೊಡ್ಡ ಯಂತ್ರದಲ್ಲೂ ನೋಡ್ದೆ, ನೀರು ಚೊಕ್ಕ. ಕಣ ಬರೀ ನೀರಲ್ಲಿದ್ರೆ ಕರಗಲ್ಲ, ಅಂದ್ರೆ ತೀರಾ ಸ್ವಲ್ಪ. ಆದ್ರೆ ಕೋಶ ಅದನ್ನ ನುಂಗುತ್ತೆ ಅಪ್ಪ. ನುಂಗಿ ಒಂದು ಚೀಲದಲ್ಲಿ ಇಟ್ಕೊಳ್ಳುತ್ತೆ, ನಮ್ಮ ಹೊಟ್ಟೆ ಇದ್ದ ಹಾಗೆ. ಅಲ್ಲಿ ಹುಳಿ ಇರುತ್ತೆ. ಆ ಹುಳೀಲಿ ಬೆಳ್ಳಿ ಕರಗುತ್ತೆ. ಕರಗಿದ ಮೇಲೆ ಒಳಗಿಂದಾನೇ ಕೊಲ್ಲುತ್ತೆ." ಅವಳು ಉಳಿದದ್ದನ್ನೂ ಹೇಳಿದಳು. "ಚರ್ಮದ ಕೋಶಗಳೂ ಸತ್ವು. ಕ್ಯಾನ್ಸರ್ ಆಗಿರೋರು, ಆಗದೇ ಇರೋರು ಅಂತ ಅದಕ್ಕೆ ಭೇದ ಇಲ್ಲ."

ಅಕ್ಕಸಾಲಿ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು, ಒಳಗೆ ಯಾರಾದರೂ ಅಡಗಿದ್ದಾರೋ ಎಂಬಂತೆ. ಆಮೇಲೆ ಕೇಳಿದರು: "ನುಂಗದೇ ಇದ್ರೆ ಕೊಲ್ಲಲ್ಲ ತಾನೆ?"

"ಬಹುಶಃ ಇಲ್ಲ."

"ಹಾಗಾದ್ರೆ ತಪ್ಪು ನುಂಗಿದೋರದು."

ಮಗಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ವಾರಗಳ ನಗು ಅದು, ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅಪ್ಪ ಮುಖ ಗಂಟಿಕ್ಕಿಕೊಂಡೇ ಎದ್ದು ಹೋಗಿ ಗಾಜಿನ ಮೇಲಿನ ಹಾಳೆಯನ್ನು ಕಿತ್ತರು. ಅಂಟು ಬಲವಾಗಿತ್ತು, 'ಸುಳ್ಳೆಂದು' ಎನ್ನುವ ಪದ ಮಾತ್ರ ಗಾಜಿನ ಮೇಲೇ ಉಳಿಯಿತು. ಅದನ್ನು ಉಗುರಿನಲ್ಲಿ ಕೆರೆಯಲು ಇಬ್ಬರೂ ಸೇರಬೇಕಾಯಿತು.

ಆ ತಿಂಗಳಲ್ಲೇ ದರ್ಜಿಯಮ್ಮನ ಗಂಟು ತೆಗೆದರು. ಅದು ಕ್ಯಾನ್ಸರೇ ಆಗಿತ್ತು, ಆದರೆ ಹೊತ್ತು ಮೀರಿರಲಿಲ್ಲ. ಇನ್ನೊಂದಿಷ್ಟು ದಿನ ಕಾದಿದ್ದರೆ ಕಷ್ಟವಿತ್ತು ಎಂದು ವೈದ್ಯರು ಅಮ್ಮನಿಗೆ ಹೇಳಿದರು. ಮುಂದೆ ಒಂದು ತಿಂಗಳು ದರ್ಜಿಯಮ್ಮನ ಮನೆಯ ಅಡುಗೆಯೆಲ್ಲ ಅಮ್ಮನದೇ. ಬೇಡವೆಂದರೂ ಬಿಡಲಿಲ್ಲ. ಒಂದು ದಿನ ದರ್ಜಿಯಮ್ಮ ಕೈಗನ್ನಡಿ ಹಿಡಿದು ಕುತ್ತಿಗೆಯ ಗಾಯವನ್ನು ಕೂಲಂಕಷವಾಗಿ ಪರಿಶೀಲಿಸಿ, "ಹೊಲಿಗೆ ಪರವಾಗಿಲ್ಲ, ಕೈ ಪಳಗಿದೆ" ಎಂದರು. "ಕೊನೇಲಿ ಸ್ವಲ್ಪ ಸುಕ್ಕು ಬಿಟ್ಟಿದ್ದಾರೆ. ಅಲ್ಲಿ ದಾರ ಎಳೆದು ಗಂಟು ಹಾಕ್ಬೇಕಿತ್ತು."

ಪ್ರಬಂಧ ಎರಡು ತಿಂಗಳು ತಡವಾಗಿ ಮುಗಿಯಿತು. ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಅಪ್ಪ ಅಮ್ಮ ಇಬ್ಬರೂ ಮೊದಲ ಸಾಲಿನಲ್ಲಿ ಕೂತರು. ಬಾಯಿ ತೆರೆಯುವುದಿಲ್ಲ ಎಂದು ಮಗಳು ಇಬ್ಬರಿಂದಲೂ ಬೇರೆ ಬೇರೆಯಾಗಿ ಮಾತು ತೆಗೆದುಕೊಂಡಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಅಗಲ ಹೆಗಲಿನ, ನಗದ ಮನುಷ್ಯ. ಮುಕ್ಕಾಲು ಗಂಟೆ ಕೇಳಿದ್ದಕ್ಕೆಲ್ಲ ಮಗಳು ಪಟಪಟನೆ ಉತ್ತರಿಸಿದಳು. ಇದು ಔಷಧಿಯಾಗಬಹುದೇ ಎಂದಾಗ, "ಈಗಿರೋ ಹಾಗೆ ಆಗಲ್ಲ ಸರ್. ಒಳ್ಳೇ ಕೋಶಾನೂ ಕೊಲ್ಲುತ್ತೆ. ಅದನ್ನ ನಾನು ಮರೆಮಾಚಿಲ್ಲ" ಎಂದಳು. ಕೊನೆಗೆ ಪರೀಕ್ಷಕರು ಪುಟ ತಿರುವುತ್ತ ಒಂದೆಡೆ ನಿಂತರು.

"ಆರನೇ ಸಲ ತೊಳೆದಾಗ್ಲೇ ನೀರು ಶುದ್ಧ ಅಂತ ನೀವೇ ಬರೆದಿದೀರಿ. ಮತ್ತೆ ಏಳು ಯಾಕೆ?"

ಮಗಳು ತನ್ನ ಪ್ರತಿಯಲ್ಲಿ ಆ ಪುಟ ಹುಡುಕತೊಡಗಿದಳು. ಮೊದಲ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಆರನೇದಕ್ಕೆ ನೀರು ತಿಳಿಯಾಗುತ್ತೆ ಸ್ವಾಮಿ" ಎಂದರು ಅಕ್ಕಸಾಲಿ, ಎದ್ದು ನಿಂತು. "ಏಳನೇದು ತೊಳೆಯೋನ ಸಮಾಧಾನಕ್ಕೆ."

ಮಗಳು ಕಣ್ಣು ಮುಚ್ಚಿಕೊಂಡಳು. ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ತಾವು ಯಾರು?"

"ನಮ್ಮ ತಂದೆ ಸರ್. ಬೆಳ್ಳಿ ಕೆಲಸದೋರು. ಉಪ್ಪು ಹಾಕಿ ನೋಡೋದನ್ನ ಹೇಳ್ಕೊಟ್ಟಿದ್ದು ಅವರೇ" ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ.

ನಗದ ಮನುಷ್ಯ ನಕ್ಕರು. ಆ ನಗು ಸುಮಾರು ಹೊತ್ತು ನಡೆಯಿತು. ಆಮೇಲೆ ಪೆನ್ನಿನ ತುದಿಯಿಂದ ಪ್ರಬಂಧದ ಮೊದಲ ಪುಟ ತಟ್ಟಿ, "ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು ಯಜಮಾನ್ರೇ. 'ವಿಷಕಾರಿ' ಅನ್ನೋ ಪದ ಇಲ್ಲಿ ಇರ್ಬೇಕೋ ಬೇಡ್ವೋ?" ಎಂದರು.

ಅಮ್ಮ ಗಂಡನ ಕೋಟಿನ ತುದಿ ಹಿಡಿದು ಕೆಳಕ್ಕೆ ಎಳೆದರು. ಅಕ್ಕಸಾಲಿ ಕೂರಲಿಲ್ಲ. ಮಗಳ ಕಡೆ ನೋಡಿದರು. ನೆಟ್ಟಗೆ ನಿಲ್ಲಲೂ ಆಗದಷ್ಟು ದಣಿದಿದ್ದಳು.

"ಅವಳು ಮಾಡಿ ನೋಡಿದ್ದಾಳೆ, ಒಂದಲ್ಲ ಹತ್ತು ಸಲ. ನಾನು ಮಾಡಿ ನೋಡಿಲ್ಲ. ಅವಳು ಬರೆದಿದ್ದು ಹಾಗೇ ಇರ್ಲಿ ಸ್ವಾಮಿ."

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು ಪ್ರೊಫೆಸರ್ ಹೊರಬಂದು, ಮಗಳನ್ನು 'ಡಾಕ್ಟರ್' ಎಂದು ಕರೆದರು. ಅಮ್ಮ ಬಿಕ್ಕಿಬಿಕ್ಕಿ ಅತ್ತರು. ಓಣಿಯಲ್ಲಿ ಮೇಜು ಹಾಕಿ ಕೇಕು ಕತ್ತರಿಸಿದರು. ಅಕ್ಕಸಾಲಿ ಕಾಗದದ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಾಗ ಪ್ರೊಫೆಸರ್ ಪಕ್ಕಕ್ಕೆ ಬಂದರು.

"ಮುಂದಿನ ವರ್ಷ ಇನ್ನೊಬ್ಬಳು ಸೇರ್ತಾಳೆ. ಇದೇ ಕೆಲಸ, ಲೋಹ ಮಾತ್ರ ಬೇರೆ. ತಾಮ್ರ. ನೀವು ಒಂದ್ಸಲ ಬಂದು ನೋಡ್ಬೇಕು."

"ತಾಮ್ರಾನಾ?" ಅಕ್ಕಸಾಲಿ ಬಾಯಲ್ಲಿದ್ದ ಕೇಕು ನುಂಗಿ, ಆಚೀಚೆ ನೋಡಿ, ದನಿ ತಗ್ಗಿಸಿದರು. "ಅದು ವಿಷ ಇದ್ರೂ ಇರ್ಬಹುದು ಮೇಡಂ. ನಂಗೆ ಮೊದಲಿಂದ್ಲೂ ಅನುಮಾನ."